ಹದಿನಾರು ಡಬ್ಬಿ ಕ್ರಿಸ್‌ಮಸ್ ಬಿಸ್ಕತ್ತು

ಶಿಸ್ತಿಲ್ಲದವರ ಮನೆಯಲ್ಲಿ ಎಡವಟ್ಟಾದರೆ ಯಾರೂ ಗಮನಿಸುವುದಿಲ್ಲ. ನನ್ನಂಥವನ ಮನೆಯಲ್ಲಿ ಆದರೆ ಬೀದಿಯೇ ಬಂದು ನೋಡುತ್ತದೆ. ಇಪ್ಪತ್ತಾರು ವರ್ಷ ತಮಿಳುನಾಡಿನ ಧರ್ಮಪುರಿಯ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತ ಬಂದವನು ನಾನು. ಉತ್ತರ ಸರಿಯಿದ್ದರೂ ನಡುವಿನ ಹಂತ ಬಿಟ್ಟಿದ್ದರೆ ಅರ್ಧ ಅಂಕ ಕಳೆಯುತ್ತೇನೆ. ಮನೆಯಲ್ಲೂ ಅಷ್ಟೆ. ಹಾಗಿದ್ದರೂ ವರ್ಷಕ್ಕೆ ಒಂದಾದರೂ ಇಂಥ ಪ್ರಸಂಗ ನನ್ನನ್ನು ಹುಡುಕಿಕೊಂಡು ಬರುತ್ತದೆ. ಕಳೆದ ಡಿಸೆಂಬರಿನಲ್ಲಿ ಅದು ಬಿಸ್ಕತ್ತಿನ ರೂಪದಲ್ಲಿ ಬಂತು.

೧. ಮಾತು ಕೊಟ್ಟದ್ದು

ನಮ್ಮ ಎದುರು ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಸೇಲಂ ಕಡೆಯವರು, ಕ್ರೈಸ್ತರು. ಆಸ್ಪತ್ರೆಗೆ ಬರುತ್ತಿದ್ದ ಹಳ್ಳಿಯವರಿಂದ ಕನ್ನಡ ಕಲಿತವರು. ಒಂದು ವಾಕ್ಯ ಕನ್ನಡದಲ್ಲಿ ಹೊರಟರೆ ತಮಿಳಿನಲ್ಲಿ ತಲುಪುತ್ತದೆ. ಮದುವೆ ಮಾಡಿಕೊಳ್ಳಲಿಲ್ಲ, ಬೀದಿಯೇ ಅವರ ಬಳಗ. ಎಲ್ಲರಿಗೂ ಅವರು ನರ್ಸಮ್ಮ. ಪ್ರತಿ ಕ್ರಿಸ್‌ಮಸ್‌ಗೆ ಮನೆಯಲ್ಲೇ ಬಿಸ್ಕತ್ತು ಮಾಡಿ ಬೀದಿಯ ಹದಿನಾರು ಮನೆಗೂ ಒಂದೊಂದು ಡಬ್ಬಿ ಹಂಚುತ್ತಾರೆ.

ಹಬ್ಬಕ್ಕೆ ಎರಡು ವಾರ ಇರುವಾಗ ಅವರು ಹೊಗೆನಕಲ್‌ಗೆ ಹೋಗಿ, ಒದ್ದೆ ಬಂಡೆಯ ಮೇಲೆ ಜಾರಿ ಬಿದ್ದು, ಬಲಗೈ ಮುರಿದುಕೊಂಡರು. ಮೊಣಕೈಯಿಂದ ಬೆರಳ ಬುಡದವರೆಗೆ ಪ್ಲಾಸ್ಟರ್. ನಾನೂ ನನ್ನ ಹೆಂಡತಿಯೂ ನೋಡಲು ಹೋದೆವು. ಕೈ ನೋವಿಗೆ ಅಳದವರು ಬಿಸ್ಕತ್ತಿನ ಮಾತು ಬಂದಾಗ ಅತ್ತರು.

"ಈ ಬೀದಿಗೆ ಬಂದ ಮೇಲೆ ಒಂದು ವರ್ಷಾನೂ ತಪ್ಪಿಲ್ಲ. ಈ ಸಲ ಬರೀ ಕೈಲಿ ಹೋಗಿ ಯಾರ ಬಾಗ್ಲು ತಟ್ಟೋದು ಹೇಳಿ?"

ವರ್ಷವರ್ಷವೂ ತಿಂದವರಿಗೆ ಒಂದು ಕರ್ತವ್ಯವಿದೆ ಎಂಬುದು ನನ್ನ ನಂಬಿಕೆ. "ಹದಿನಾರು ಡಬ್ಬಿ ನಾವು ಮಾಡಿ ಕೊಡುತ್ತೇವೆ. ನೀವೇ ಹಂಚಿ. ಇದು ನನ್ನ ಮಾತು," ಎಂದೆ. ಅವರು ಕಣ್ಣೊರೆಸಿಕೊಂಡರು. ನನ್ನ ಹೆಂಡತಿ ನನ್ನನ್ನೇ ನೋಡಿದಳು.

ಮನೆಗೆ ಬಂದ ಮೇಲೆ ಕೇಳಿದಳು. "ನಾವು ಅಂದ್ರೆ ಯಾರ್ಯಾರು?"

"ನಾವು ಅಂದರೆ ನಾವು. ನಾನೂ ಮಾಡುತ್ತೇನೆ."

"ಹುಟ್ಟಿದಾಗಿನಿಂದ ನೀವು ಏನು ಬೇಯಿಸಿದ್ದೀರ, ಅದನ್ನ ಹೇಳಿ."

ಯೋಚಿಸಿದೆ. ಅವಳು ತವರಿಗೆ ಹೊರಟ ದಿನ ಒಮ್ಮೆ ನಾಲ್ಕು ಮೊಟ್ಟೆ ಬೇಯಿಸಿದ್ದು ನೆನಪಾಯಿತು. ಹೇಳಿದೆ.

"ಮೊಟ್ಟೆ ಒಲೆ ಮೇಲೆ ಇಟ್ಟು ಹೋದವಳು ನಾನು. ನೀವು ಸ್ಟವ್ ಆರಿಸಿದ್ರಿ, ಅಷ್ಟೆ. ಅದೂ ನಾನು ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದ್ಮೇಲೆ."

೨. ಯಾರ ಹಿಡಿ

ಮಾರನೆಯ ದಿನ ನೋಟ್‌ಬುಕ್ಕು, ಪೆನ್ನು ಹಿಡಿದು ನರ್ಸಮ್ಮನ ಮನೆಗೆ ಹೋದೆ. ಬಿಸ್ಕತ್ತು ಮಾಡುವ ಕ್ರಮವನ್ನು ಅವರು ಎಲ್ಲೂ ಬರೆದಿಟ್ಟಿರಲಿಲ್ಲ.

"ಮೈದಾ ಎಷ್ಟು?"

"ಬೆಣ್ಣೆ ಹಿಡಿಯೋಷ್ಟು ಸಾರ್."

"ಬೆಣ್ಣೆ ಎಷ್ಟು?"

"ಮೈದಾ ಕೇಳೋಷ್ಟು."

ಎರಡು ಸಮೀಕರಣ ಕೊಟ್ಟರು; ಎರಡೂ ಒಂದೇ. ಹೀಗಾದರೆ ಬಿಡಿಸಲು ಬರುವುದಿಲ್ಲ, ಗ್ರಾಮಿನಲ್ಲಿ ಹೇಳಿ ಎಂದೆ.

"ಗ್ರಾಮೆಲ್ಲ ತೆರಿಯಾದು ಸಾರ್, ಗೊತ್ತಿಲ್ಲ. ಒಂದು ಡಬ್ಬಿಗೆ ನಾಲ್ಕು ಹಿಡಿ ಮೈದಾ, ಎರಡು ಹಿಡಿ ಸಕ್ಕರೆಪುಡಿ, ಎರಡು ಹಿಡಿ ಬೆಣ್ಣೆ, ಒಂದು ಮೊಟ್ಟೆ, ನಾಲ್ಕು ಏಲಕ್ಕಿ."

ಇದು ಲೆಕ್ಕ. ಬರೆದುಕೊಂಡೆ. ಆಮೇಲೆ ಒಂದು ಸಂದೇಹ ಬಂತು. "ಹಿಡಿ ಎಂದರೆ ಯಾರ ಹಿಡಿ?"

ಅವರು ಪ್ಲಾಸ್ಟರ್ ಎತ್ತಿ ತೋರಿಸಿದರು. "ಈ ಹಿಡಿ."

ಸರಿ, ಎಡಗೈಯಲ್ಲಿ ಹಿಡಿದು ತೋರಿಸಿ ಎಂದೆ. ಎಡಗೈ ಚಿಕ್ಕದಂತೆ. ಬಳೆ ಅಂಗಡಿಯಲ್ಲಿ ಪ್ರತಿ ಸಲವೂ ಬಲಗೈಗೆ ಒಂದು ಸೈಜ್ ದೊಡ್ಡದು ಕೇಳಬೇಕಂತೆ. ನಾನು ಎರಡು ಕೈಯ ಬಳೆಗಳನ್ನೂ ಇಸಿದುಕೊಂಡು ಶಾಲೆಗೆ ಒಯ್ದು, ಭೌತಶಾಸ್ತ್ರದ ಲ್ಯಾಬಿನಲ್ಲಿ ಎರಡರ ವ್ಯಾಸ ಅಳೆದೆ. ವ್ಯಾಸದ ಪ್ರಮಾಣ ಸಿಕ್ಕಿದರೆ ಅದರ ಘನ ತೆಗೆದು ಗಾತ್ರದ ಪ್ರಮಾಣ ಕಂಡುಹಿಡಿಯಬಹುದು. ಸಂಜೆ ಅವರ ಎಡಗೈಯಿಂದ ಒಂದು ಹಿಡಿ ಮೈದಾ ತೆಗೆಸಿ, ತೂಗಿ, ಗುಣಿಸಿದೆ. ಬಲಗೈಯ ಒಂದು ಹಿಡಿಗೆ ಐವತ್ತೆಂಟು ದಶಮಾಂಶ ನಾಲ್ಕು ಗ್ರಾಮ್ ಬಂತು. ಎಲ್ಲ ಹಂತಗಳನ್ನೂ ತೋರಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು, ನೋಟ್‌ಬುಕ್ಕನ್ನು ಅವರ ಮುಂದಿಟ್ಟೆ.

ನರ್ಸಮ್ಮ ಕನ್ನಡಕ ಹಾಕಿಕೊಂಡು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮೆಚ್ಚಿದರು.

"ರೊಂಬ ಕರೆಕ್ಟ್ ಸಾರ್. ಕಲಸುವಾಗ ಗಟ್ಟಿ ಅನ್ನಿಸಿದ್ರೆ ಮಾತ್ರ ಕಣ್ಣಳತೇಲಿ ಇನ್ನೊಂಚೂರು ಬೆಣ್ಣೆ ಹಾಕ್ಕೊಳ್ಳಿ."

ಯಾರ ಕಣ್ಣು ಎಂದು ನಾನು ಕೇಳಲಿಲ್ಲ.

೩. ಆಚೆ

ಹಬ್ಬಕ್ಕೆ ಮೂರು ದಿನವಿರುವಾಗ ಸಾಮಾನು ತಂದೆ. ಅದರಲ್ಲಿ ಹದಿನಾರು ಮೊಟ್ಟೆ. ಬಾಗಿಲಲ್ಲಿ ಅವ್ವ ಕೂತಿದ್ದಳು. ಅವ್ವ ಹುಟ್ಟಿದ್ದು ಸೇಲಂ ರಸ್ತೆಯಲ್ಲಿ ಊರು ದಾಟಿದ ಕೂಡಲೇ ಸಿಗುವ ಅದಿಯಮಾನ್‌ಕೋಟೆ ಪಕ್ಕದ ಹಳ್ಳಿಯಲ್ಲಿ, ಬೇಸಾಯದ ಮನೆಯಲ್ಲಿ. ಮಾರ್ಗಳಿ, ಅಂದರೆ ಧನುರ್ಮಾಸ, ಮುಗಿಯುವ ತನಕ ನಮ್ಮಲ್ಲಿ ಮೊಟ್ಟೆ ಮಾಂಸ ಹೊಸ್ತಿಲು ದಾಟುವುದಿಲ್ಲ. ಕ್ರಿಸ್‌ಮಸ್ ಬರುವುದು ಸರಿಯಾಗಿ ಅದರ ನಡುವೆ. ಅದಕ್ಕೇ ನರ್ಸಮ್ಮ ಹದಿನಾರರ ಲೆಕ್ಕದಾಚೆ ನಮ್ಮದೊಂದು ಡಬ್ಬಿಯನ್ನು ಪ್ರತಿ ವರ್ಷ ಪೊಂಗಲ್ ಕಳೆದ ಮೇಲೆ ಕೊಡುತ್ತಾರೆ.

"ಮಾರ್ಗಳೀಲಿ ಒಳೀಕೆ ಮೊಟ್ಟೆ ತತ್ತಿದ್ದೀಯೇನ್ಲಾ?"

"ಅವ್ವ, ಇದು ನಮಗಲ್ಲ. ಪರೋಪಕಾರ."

"ಒಳ್ಳೇದು. ಪರೋಪಕಾರಾನ ಆಚೆ ಮಾಡಿದ್ರೆ ಯಾರಾದ್ರೂ ಬ್ಯಾಡ ಅಂತಾರಾ? ಓಗು."

ನಿಯಮ ಎಂದರೆ ನಿಯಮ. ಈ ಮಾತನ್ನು ಮನೆಯಲ್ಲಿ ಅತಿ ಹೆಚ್ಚು ಸಲ ಆಡಿದವನೇ ನಾನು. ಎರಡು ವರ್ಷದ ಹಿಂದೆ ಸೇಲಂನಿಂದ ತಂದು, ಅಂದಿನಿಂದ ಬ್ರೆಡ್ ಪ್ಯಾಕೆಟ್ ಇಡಲು ಬಳಸುತ್ತಿದ್ದ ಓವನ್ ಪೋರ್ಟಿಕೋಗೆ ಬಂತು. ಕಿಟಕಿಯಿಂದ ವೈರ್ ಎಳೆದೆ. ಹೆಂಡತಿ ಮೆಟ್ಟಿಲ ಮೇಲೆ ಕೂತು ಹಿಟ್ಟು ಕಲಸಿದಳು. ನಾನು ಸ್ಕೇಲ್ ಹಿಡಿದು ಬಿಸ್ಕತ್ತುಗಳ ನಡುವಿನ ಅಂತರ ನೋಡಿಕೊಂಡೆ.

ಬೆಣ್ಣೆ ಏಲಕ್ಕಿಯ ವಾಸನೆ ಬೀದಿಗೆ ಹೋಯಿತು. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತರು. "ಎನ್ನ ಸಾರ್, ಬೇಕರಿ ಓಪನ್ನಾ?" ಎಂದು ಮೊದಲನೆಯವರು ಕೇಳಿದರು. ಅಲ್ಲ, ವಿಷಯ ಹೀಗೆ, ಎಂದು ಪೂರ್ತಿ ವಿವರಿಸಿದೆ. ಎರಡನೆಯವರಿಗೂ ವಿವರಿಸಿದೆ. ಮೂರನೆಯವರು ಏನೂ ಕೇಳಲಿಲ್ಲ. ಚೀಲ ಹಿಡಿದು ಸುಮ್ಮನೆ ನಿಂತರು. ಅವರ ಹಿಂದೆ ನಾಲ್ಕನೆಯವರು ನಿಂತರು. ತಲೆಯೆತ್ತಿ ನೋಡುವಷ್ಟರಲ್ಲಿ ಏಳು ಜನ.

"ಕಳಿಸಿ ಅವರನ್ನ," ಎಂದಳು ಹೆಂಡತಿ.

ಕಳಿಸಲೇಬೇಕಿತ್ತು. ಆದರೆ ಸಾಲು ಎಷ್ಟು ನೇರವಾಗಿತ್ತೆಂದರೆ, ಮುರಿಯಲು ನನಗೆ ಮನಸ್ಸಾಗಲಿಲ್ಲ.

೪. ಘಾಟು

ಮೊದಲ ಎರಡು ತಟ್ಟೆ ಚೆನ್ನಾಗಿಯೇ ಬಂದವು. ಮೂಲೆಮನೆಯ ನಿವೃತ್ತ ಬಸ್ ಕಂಡಕ್ಟರ್ ಗೇಟಿನ ಮೇಲಿನಿಂದ ಬಗ್ಗಿ ನೋಡಿ, "ತಂಗಂ ಮಾದಿರಿ ಇರುಕ್ಕು ಸಾರ್, ಬಂಗಾರ ಬಂಗಾರ," ಎಂದು ಹೊಗಳಿ ಹೋದರು. ಮೂರನೆಯ ತಟ್ಟೆ ಇದ್ದಿಲಾಯಿತು.

ಅವ್ವ ಕೂತಲ್ಲಿಂದಲೇ ತೀರ್ಪು ಕೊಟ್ಟಳು. "ಕಣ್ಣು ಬಿತ್ತು."

ಅಂಥದ್ದನ್ನು ನಾನು ನಂಬುವುದಿಲ್ಲ ಎಂದೆ. ಎಷ್ಟು ಕೆಲಸವಾಯಿತು, ಎಷ್ಟು ಉಳಿಯಿತು ಎಂದು ವರದಿ ಒಪ್ಪಿಸಲು ನರ್ಸಮ್ಮನ ಮನೆಗೆ ಹೋದೆ. ಅಷ್ಟರಲ್ಲಿ ಅವ್ವ ಕಲ್ಲುಪ್ಪು, ಏಳು ಒಣಮೆಣಸಿನಕಾಯಿ ಹಿಡಿದು ಓವನ್ನಿಗೆ ಮೂರು ಸುತ್ತು ನಿವಾಳಿಸಿದಳು. ನಿವಾಳಿಸಿದ್ದನ್ನು ಬೆಂಕಿಗೆ ಹಾಕಬೇಕು. ಅದನ್ನು ಮತ್ತೆ ಮನೆಯೊಳಗೆ ತರಬಾರದು. ಒಲೆ ಇದ್ದದ್ದು ಒಳಗೆ. ಆಚೆ ಇದ್ದ ಬಿಸಿ ವಸ್ತು ಒಂದೇ. ಅವ್ವ ಓವನ್ನಿನ ಬಾಗಿಲು ತೆಗೆದು ಒಳಗೆ ಹಾಕಿ ಮುಚ್ಚಿದಳು.

ನಾನು ರಸ್ತೆ ದಾಟಿ ಬರುವಾಗ ಪೋರ್ಟಿಕೋ ಖಾಲಿಯಾಗಿತ್ತು. ಸಾಲು ಬೀದಿಯ ತುದಿಯಲ್ಲಿ ನಿಂತು ಕೆಮ್ಮುತ್ತಿತ್ತು. ಹೆಂಡತಿ ಹಿಟ್ಟಿನ ಪಾತ್ರೆ ತಬ್ಬಿಕೊಂಡು ಗೇಟಿನಾಚೆ ಕಣ್ಣೀರು ಸುರಿಸುತ್ತಿದ್ದಳು. ಅವ್ವ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಲ್ಲೇ ಕೂತಿದ್ದಳು.

ಸಿಟ್ಟು ತಡೆದುಕೊಂಡೆ. "ಹೋಯಿತಾ ಅವ್ವ, ದೃಷ್ಟಿ?"

"ಕಣ್ಣು ಬಿದ್ದಿದ್ರೆ ಮೆಣಸಿನಕಾಯಿ ಎಷ್ಟು ಸುಟ್ರೂ ಘಾಟು ಬರಾಕಿಲ್ಲ ಕಣ್ಲಾ. ಇಷ್ಟೊಂದು ಘಾಟು ಬತ್ತಾ ಐತೆ ಅಂದ್ರೆ ಯಾರ ಕಣ್ಣೂ ಬಿದ್ದಿಲ್ಲ." ಕೆಮ್ಮಿ, ಉಸಿರೆಳೆದುಕೊಂಡು ಮುಗಿಸಿದಳು. "ತಪ್ಪು ನಿಂದೇಯ."

೫. ಫಲಿತಾಂಶ

ಓವನ್ನನ್ನು ನಿಂಬೆಹಣ್ಣು ಹಾಕಿ ನಾಲ್ಕು ಸಲ ಉಜ್ಜಿದೆವು. ಕಡಿಮೆ ಬಿದ್ದ ಮೊಟ್ಟೆ ತಂದು ಮತ್ತೆ ಹಿಟ್ಟು ಕಲಸಿದೆವು. ಹಬ್ಬದ ಹಿಂದಿನ ದಿನ ಸಂಜೆಗೆ ಹದಿನಾರು ಡಬ್ಬಿ ತುಂಬಿದವು. ಲೆಕ್ಕ ಸರಿ, ಬಣ್ಣ ಸರಿ. ಮೊಟ್ಟೆ ಬೆರೆತದ್ದಾದ್ದರಿಂದ ನಮ್ಮಲ್ಲಿ ಒಬ್ಬರೂ ರುಚಿ ನೋಡಿರಲಿಲ್ಲ. ತಾಳೆ ನೋಡದ ಉತ್ತರವನ್ನು ನಾನು ಯಾವತ್ತೂ ಒಪ್ಪಿಸಿದವನಲ್ಲ. ಅದೂ ಬೇರೆಯವರ ಹೆಸರಿನಲ್ಲಿ.

ಕ್ರಿಸ್‌ಮಸ್ ಬೆಳಿಗ್ಗೆ ನರ್ಸಮ್ಮ ಚರ್ಚಿನಿಂದ ಬಂದವರೇ ಹೊಸ ಸೀರೆಯಲ್ಲಿ ಮನೆಮನೆಗೂ ಹೋಗಿ ಎಡಗೈಯಿಂದ ಡಬ್ಬಿ ಕೊಟ್ಟರು. ಅವರ ಹಿಂದೆ ಚೀಲ ಹೊತ್ತು ನಾನು. ಹಂಚಿ ಮುಗಿಸಿ ಅವರ ವರಾಂಡದಲ್ಲಿ ಕೂತೆವು. ನನ್ನ ಹೆಂಡತಿಯೂ ಅವ್ವನೂ ಬಂದರು. ಬಿಸ್ಕತ್ತು ಕೆಟ್ಟಿದ್ದರೆ ಹೋಗುವುದು ನನ್ನ ಹೆಸರಲ್ಲ, ನರ್ಸಮ್ಮನದು.

ಮೊದಲು ಬಂದವರು ಕಂಡಕ್ಟರ್. ಮುಖ ಗಂಟಾಗಿತ್ತು.

"ಎನ್ನಮ್ಮ ಇದು? ಪ್ರತಿ ವರ್ಷ ನಿಮ್ಮ ಬಿಸ್ಕತ್ತು ಒಂದು ಬಾಯಿಗೆ ಹಾಕ್ಕೊಂಡ್ರೆ ಧರ್ಮಪುರಿಯಿಂದ ಸೇಲಂವರೆಗೂ ಬರೋದು. ಇದು ಅದಿಯಮಾನ್‌ಕೋಟೆ ದಾಟೋಕೆ ಮುಂಚೇನೇ ಕರಗೋಯ್ತು."

ಅವರ ಬೆನ್ನಿಗೇ ಟೈಲರ್ ಮನೆಯಾಕೆ, ಸೊಂಟದ ಮೇಲೆ ಮಗು. "ಮಗೂಗೆ ಹಲ್ಲು ಬತ್ತಾ ಐತೆ, ಕಡೀಲಿ ಅಂತ ನಿಮ್ಮ ಬಿಸ್ಕತ್ತಿಗೇ ಕಾಯ್ತಿದ್ದೆ ನರ್ಸಮ್ಮ. ದೊಡ್ಡವನಿಗೆ ಅದ್ರಲ್ಲೇ ಅಲ್ವಾ ಹಲ್ಲು ಬಂದಿದ್ದು. ಇದು ಬಾಯಿಗಿಟ್ರೆ ಇಲ್ವೇ ಇಲ್ಲ."

ಮೂರನೆಯವರು ಪಕ್ಕದ ಮನೆಯ ತಾತ. ಅವರು ಹೆಚ್ಚು ಮಾತಿನವರಲ್ಲ. "ಟೀಯಲ್ಲಿ ಅದ್ದಿದೆ. ಎತ್ತಿದ್ರೆ ಬೆರಳು ಮಾತ್ರ ಬಂತು," ಎಂದು ಹೇಳಿ ಹೊರಟುಹೋದರು.

ಹೀಗೆ ಒಬ್ಬೊಬ್ಬರಾಗಿ. ಫೋನಿನಲ್ಲೂ ಅದೇ. ನಾನು ತಲೆ ತಗ್ಗಿಸಿ ಕೂತಿದ್ದೆ. ಇಷ್ಟು ವರ್ಷ ಅವರ ಬಿಸ್ಕತ್ತನ್ನು ಹಲ್ಲಿಗೆ ಹೆದರಿ ನೆನೆಸಿಕೊಂಡು ತಿಂದವನು ನಾನು. ಬೀದಿಗೆ ಬೇಕಾದದ್ದು ಆ ಗಟ್ಟಿತನವೇ ಎಂದು ನನಗೆ ತಿಳಿದಿರಲಿಲ್ಲ. ತಲೆ ಎತ್ತಿ ನೋಡಿದರೆ, ಒಂದೊಂದು ದೂರಿಗೂ ನರ್ಸಮ್ಮನ ಮುಖ ಅರಳುತ್ತ ಹೋಗುತ್ತಿತ್ತು.

"ನಿಜವಾಗ್ಲೂ ನಂದೇ ಚೆನ್ನಾಗಿರುತ್ತಾ?" ಎಂದು ಅವರು ಕಂಡಕ್ಟರನ್ನು ಕೇಳಿದರು.

"ಅದರಲ್ಲಿ ಸಂದೇಹ ಬೇರೆಯಾ? ಕೈ ಬೇಗ ಸರಿಮಾಡ್ಕೊಳ್ಳಿ ಮೊದ್ಲು."

ಎಲ್ಲರೂ ಹೋದ ಮೇಲೆ ನರ್ಸಮ್ಮ ಒಂದು ಬಿಸ್ಕತ್ತು ತೆಗೆದು ನಿಧಾನವಾಗಿ ತಿಂದರು. "ರುಚಿಯಾಗೇ ಇದೆ ಸಾರ್. ಒಂದು ಮಾತು ಹೇಳ್ಲಾ? ನೀವು ಮಾತು ಕೊಟ್ಟ ದಿನದಿಂದ ನನಗೆ ನೆಮ್ಮದಿ ಇಲ್ಲ. ಸಾರ್ ಎಲ್ಲಾನೂ ಕರೆಕ್ಟಾಗಿ ಮಾಡೋರು. ಇವರದ್ದೇ ಚೆನ್ನಾಗಿ ಬಂದ್ಬಿಟ್ರೆ ಮುಂದಿನ ವರ್ಷ ನನ್ನ ಡಬ್ಬಿಗೆ ಯಾರು ಕಾಯ್ತಾರೆ ಅಂತ."

ಹದಿನಾರು ಮನೆಗೆ ಡಬ್ಬಿ ತಲುಪಿತ್ತು. ನನ್ನ ಮಾತು ಉಳಿದಿತ್ತು. ಹದಿನಾರು ಮನೆಯಲ್ಲೂ ಫೇಲಾಗಿದ್ದೆ. ನರ್ಸಮ್ಮನ ಜಾಗ ಉಳಿದಿತ್ತು. ಫಲಿತಾಂಶದ ದಿನ ಇಷ್ಟು ಹಗುರಾಗಿ ಉಸಿರಾಡಿದ್ದು ನನಗೆ ನೆನಪಿಲ್ಲ. ಹೆಂಡತಿ "ಸದ್ಯ" ಎಂದಳು. ಮುಂದಿನ ಸಲವೂ ಮಾತು ಕೊಟ್ಟುಬಿಟ್ಟರೆ ಎಂಬ ಭಯ ಅವಳಿಗಿತ್ತೆಂದು ಕಾಣುತ್ತದೆ.

"ಬೇಜಾರ್ ಮಾಡ್ಕೋಬೇಡಿ ಸಾರ್," ಎಂದರು ನರ್ಸಮ್ಮ. "ಬೇಸಿಕ್ಸ್ ವೀಕ್ ಇದೆ, ಅಷ್ಟೆ. ನವೆಂಬರಿನಿಂದ ದಿನಾ ಒಂದು ಗಂಟೆ ಟ್ಯೂಷನ್‌ಗೆ ಬನ್ನಿ, ಪಾಸ್ ಮಾಡಿಸ್ತೀನಿ."

ಫೇಲಾದ ಹುಡುಗರ ತಂದೆಯರನ್ನು ಕೂರಿಸಿಕೊಂಡು ನಾನು ಹೇಳುವ ಮಾತು ಅಕ್ಷರಶಃ ಇದೇ. ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದೆ.

ಅವರು ಉತ್ತರ ಕೊಡುವ ಮೊದಲೇ ಅವ್ವ ಬಾಯಿ ಹಾಕಿದಳು.

"ಮುಂದಿನ ಬೆಂಚಲ್ಲೇ ಕೂರಿಸ್ಕೊ ತಾಯಿ. ಹಿಂದೆ ಬಿಟ್ರೆ ಇವ್ನು ಪಕ್ಕದವರ ತಪ್ಪು ತಿದ್ದುತಾ ಕೂತ್ಕತಾನೆ."