ಒಂಬತ್ತನೇ ಮಹಡಿಯಲ್ಲಿ ವಾಯುಭಾರ ಕುಸಿತ

ಟಪ್.

ಸರಿರಾತ್ರಿಯಲ್ಲಿ ಆ ಸದ್ದು ಕೇಳಿದ್ದೇ ಟೀಚರ್ ಕಣ್ಣುಬಿಟ್ಟರು. ತುಸು ಹೊತ್ತು ಬಿಟ್ಟು ಇನ್ನೊಂದು. ಟಪ್.

“ರೀ, ಮಳೆ ಹನೀತಾ ಇದೆ ಅನ್ಸುತ್ತೆ.”

“ನಲ್ಲಿ ಸರಿಯಾಗಿ ತಿರುಗಿಸಿಲ್ಲ, ಅಷ್ಟೇ. ಮಲಕ್ಕೋ,” ಎಂದರು ಯಜಮಾನರು, ನಿದ್ದೆಯಿಂದ ಒಂದಿಂಚೂ ಈಚೆ ಬರದೆ.

ಟೀಚರ್ ಕಿಟಕಿಯಲ್ಲಿ ಇಣುಕಿದರು. ಆಕಾಶದ ತುಂಬ ನಕ್ಷತ್ರಗಳು. ಆದರೆ ಜೀವಮಾನವಿಡೀ ಭೂಗೋಳ ಕಲಿಸಿದವರು ಬರೀ ಆಕಾಶವನ್ನು ನಂಬುತ್ತಾರೆಯೇ? ಟಾರ್ಚ್ ಹಿಡಿದು ಹಜಾರದ ಗೋಡೆಯಲ್ಲಿದ್ದ ಬ್ಯಾರೋಮೀಟರಿನ ಹತ್ತಿರ ಹೋದರು. ನಿವೃತ್ತಿಯ ದಿನ ಶಾಲೆಯವರು ಉಡುಗೊರೆ ಕೊಟ್ಟ ಹಿತ್ತಾಳೆಯ ದುಂಡು ಯಂತ್ರ ಅದು. ಗಾಳಿಯ ಒತ್ತಡ ಹೆಚ್ಚಿದ್ದರೆ ಮುಳ್ಳು ‘ಒಣಹವೆ’ಯ ಕಡೆ ವಾಲುತ್ತದೆ, ಕಡಿಮೆಯಾದರೆ ‘ಮಳೆ’ಯ ಕಡೆ. ಹಿಂದಿನ ಬೆಳಗ್ಗೆ, ನೆಲಮಹಡಿಯ ಹಳೇ ಮನೆ ಖಾಲಿ ಮಾಡುವ ಮುಂಚೆ ನೋಡಿದಾಗ, ಮುಳ್ಳು ಒಣಹವೆಯ ಮೇಲೆ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಕೂತಿತ್ತು. ಸಂಜೆ ಅದೇ ಕಟ್ಟಡದ ಒಂಬತ್ತನೇ ಮಹಡಿಗೆ, ಈ ಹೊಸ ಮನೆಗೆ ಸಾಮಾನು ಸಾಗಿಸಿದ ಮೇಲೆ ಮೊಟ್ಟಮೊದಲು ಗೋಡೆಗೆ ಏರಿಸಿದ್ದು ಅದನ್ನೇ. ಈಗ ನೋಡಿದರೆ ಮುಳ್ಳು ಮೂರು ಗೆರೆ ಜಾರಿ ಮಳೆಯ ಹೊಸ್ತಿಲಲ್ಲಿ ನಿಂತಿದೆ!

“ವಾಯುಭಾರ ಕುಸಿತ,” ಎಂದು ಪಿಸುಗುಟ್ಟಿದ ಟೀಚರಿಗೆ ಆಮೇಲೆ ನಿದ್ದೆ ಹತ್ತಲಿಲ್ಲ.

ಅದಕ್ಕೆ ಕಾರಣವಿತ್ತು. ಕಳೆದ ವರ್ಷ ಕಟ್ಟಡದವರೆಲ್ಲ ಪ್ರವಾಸಕ್ಕೆ ಹೊರಟಾಗ ಇವರು ಕುಂಭದ್ರೋಣ ಮಳೆ ಬರುತ್ತದೆಂದು ಬಸ್ಸನ್ನೇ ರದ್ದು ಮಾಡಿಸಿದ್ದರು. ಆ ದಿನ ಹೊರಗೆ ಬಿಟ್ಟ ಚಪ್ಪಲಿ ಸುರುಟಿಕೊಳ್ಳುವಂಥ ಬಿಸಿಲು. ಅಂದಿನಿಂದ ‘ಒಣಮಳೆ ಟೀಚರ್’ ಎಂಬ ಹೆಸರು ಅಂಟಿಕೊಂಡಿತ್ತು. ಇವತ್ತು ಸಂಜೆ ಕಟ್ಟಡದ ಕಾರ್ಯದರ್ಶಿಯ ತಾಯಿಗೆ ಎಂಬತ್ತು ತುಂಬಿದ ಸಮಾರಂಭ, ಅದೂ ತಾರಸಿಯ ಮೇಲೆ. ಹೇಳಿ ಮಳೆ ಬಾರದಿದ್ದರೆ ಆ ಹೆಸರು ಸಾಯುವ ತನಕ ಬಿಡುವುದಿಲ್ಲ. ಹೇಳದೆ ಮಳೆ ಬಂದರೆ ಎಂಬತ್ತರ ಅಜ್ಜಿ ತೊಯ್ದು ತೊಪ್ಪೆಯಾಗುತ್ತಾರೆ.

ಬೆಳಗ್ಗೆ ಯಜಮಾನರು ಚಾವಣಿಯ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ ತಟ್ಟೆಯಗಲದ ಒದ್ದೆ ಕಲೆ. “ಸರಿಯಾಗಿ ಮೇಲೇ ನೀರಿನ ಟ್ಯಾಂಕ್ ಇದೆ ಕಣೇ. ರಾತ್ರಿ ತೊಟ್ಟಿಕ್ಕಿದ್ದು ಅದೇ ಇರ್ಬೇಕು. ಕಾರ್ಯದರ್ಶಿಗೆ ಒಂದು ಮಾತು ಹೇಳು.”

“ನಾನೀಗ ಮಳೆ ವಿಷಯ ಹೇಳೋಕೆ ಹೊರಟಿದೀನಿ ರೀ. ಜೊತೆಗೆ ಟ್ಯಾಂಕೂ ಹೇಳಿದ್ರೆ ಒಂದೇ ದಿನ ಎರಡು ನೀರಿನ ದೂರಾಗುತ್ತೆ. ಟ್ಯಾಂಕ್ ಎಲ್ಲಿ ಓಡಿಹೋಗುತ್ತೆ? ನಾಳೆ ಹೇಳಿದ್ರಾಯ್ತು.”

ಕಾರ್ಯದರ್ಶಿ ಟೀಚರ ಹಳೇ ವಿದ್ಯಾರ್ಥಿ. ಭೂಗೋಳದಲ್ಲಿ ಎರಡು ಸಲ ನಪಾಸಾದವನು.

“ಮೇಡಂ, ಮೊಬೈಲ್ ನೋಡಿ. ಬರೀ ಸೂರ್ಯ, ಅದೂ ನಗ್ತಾ ಇರೋ ಸೂರ್ಯ.”

“ಮೊಬೈಲ್ ಊರಿಗೆಲ್ಲ ಒಂದೇ ಹೇಳುತ್ತಪ್ಪ. ನನ್ನ ಬ್ಯಾರೋಮೀಟರ್ ನಮ್ಮ ತಲೆ ಮೇಲಿನ ಗಾಳೀನ ಅಳೆಯುತ್ತೆ. ಒಂದೇ ರಾತ್ರೀಲಿ ಮೂರು ಗೆರೆ ಇಳಿದಿದೆ!”

ಒಳಗಿನಿಂದ ಅಜ್ಜಿ ಕೋಲೂರಿಕೊಂಡು ಬಂದರು. “ಏನೇ ತಾಯಿ ಅದು ಕುಸಿತ? ನನಗೂ ತಿಳಿಯೋ ಹಾಗೆ ಹೇಳು.”

ಪಾಠ ಹೇಳು ಎಂದರೆ ಟೀಚರಿಗೆ ಹಾಲು ಕುಡಿದಷ್ಟು ಸಂತೋಷ. “ನೋಡಿ ಅಜ್ಜಿ, ಒಂದು ಕಡೆ ನೆಲವೋ ಕಡಲೋ ಚೆನ್ನಾಗಿ ಕಾಯುತ್ತೆ. ಅಲ್ಲಿನ ಗಾಳಿ ಬಿಸಿಯಾಗಿ ಹಗುರಾಗಿ ಮೇಲೇರುತ್ತೆ. ಕೆಳಗೆ ಒತ್ತಡ ಕಡಿಮೆಯಾಗುತ್ತೆ. ಆಗ ಸುತ್ತಲಿನ ಗಾಳಿಯೆಲ್ಲ ಅಲ್ಲಿಗೆ ನುಗ್ಗುತ್ತೆ. ಭೂಮಿ ತಿರುಗ್ತಾ ಇರೋದ್ರಿಂದ ನೆಟ್ಟಗೆ ಬರೋಕಾಗದೆ ಸುತ್ತು ಹಾಕುತ್ತೆ. ಮೇಲೆ ಹೋದ ಹಬೆ ತಣ್ಣಗಾಗಿ ಮೋಡ ಕಟ್ಟುತ್ತೆ.”

“ಓ, ಸೊಸೆ ತವರಿಗೆ ಹೋದ್ಲು ಅಂದ್ರೆ ನಾದಿನಿಯರೆಲ್ಲ ಅಡುಗೆಮನೆಗೆ ನುಗ್ತಾರಲ್ಲ, ಹಾಗೆ. ಆಮೇಲೆ ಗುಡುಗು, ಸಿಡಿಲು, ಕಣ್ಣೀರು.”

“ಹಾಗೇ ಅಜ್ಜಿ!”

“ಹಾಗಾದ್ರೆ ಮೇಲಕ್ಕೆ ಹೋದಷ್ಟೂ ಈ ಒತ್ತಡ ಜಾಸ್ತಿನೋ ಕಡಿಮೆಯೋ?”

“ಕಡಿಮೆ ಅಜ್ಜಿ. ಮೇಲೆ ಹೋದ ಹಾಗೆಲ್ಲ ಕಡಿಮೆ. ಒಂದನೇ ಪಾಠದಲ್ಲೇ ಬರುತ್ತೆ,” ಎಂದ ಟೀಚರ್, ಆ ಒಂದನೇ ಪಾಠವನ್ನು ಅಲ್ಲೇ ಬಿಟ್ಟು ಎದ್ದರು.

ಅಷ್ಟರಲ್ಲಿ ಎದುರುಮನೆಯ ಮಂಡಿನೋವಿನ ರಾಯರು ಕುಂಟುತ್ತ ಬಂದು, “ನನ್ನ ಎಡಮಂಡಿ ಬೆಳಗ್ಗೆಯಿಂದ ಹಿಡ್ಕೊಂಡಿದೆ. ಟೀಚರ್ ಹೇಳೋದು ಖಂಡಿತಾ ನಿಜ,” ಎಂದುಬಿಟ್ಟರು. ಕಾರ್ಯದರ್ಶಿಗೆ ಭೂಗೋಳದಲ್ಲಿ ನಂಬಿಕೆ ಇರಲಿಲ್ಲ, ಮಂಡಿಯಲ್ಲಿತ್ತು. ಸಮಾರಂಭ ತಾರಸಿಯಿಂದ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯಿತು.

ಸುದ್ದಿ ಮಾತ್ರ ಮೇಲಕ್ಕೆ ಹತ್ತಿತು. ಒಂದನೇ ಮಹಡಿಯಲ್ಲಿ ಜಿಟಿಜಿಟಿ ಮಳೆಯಾಗಿದ್ದದ್ದು ನಾಲ್ಕನೆಯದರಲ್ಲಿ ಬಿರುಗಾಳಿಯಾಯಿತು, ಎಂಟನೆಯದನ್ನು ಮುಟ್ಟುವಾಗ ಕಣ್ಣುಳ್ಳ ಚಂಡಮಾರುತವೇ ಆಗಿತ್ತು. ಅಂಗಡಿಯ ಮೇಣದಬತ್ತಿ ಮಧ್ಯಾಹ್ನಕ್ಕೇ ಖಾಲಿ. ಒಬ್ಬಾಕೆ ಬಾಲ್ಕನಿಯ ಹೂಕುಂಡಗಳನ್ನು ಗಂಡನ ಬೆಲ್ಟಿನಿಂದ ಕಟ್ಟಿಹಾಕಿದಳು; ಆತ ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡೇ ಕೆಲಸಕ್ಕೆ ಹೋದ. ಪಾರ್ಕಿಂಗಿನ ಕಾರುಗಳೆಲ್ಲ ಬೀದಿಗೆ ಬಿದ್ದವು. ಶಾಮಿಯಾನದವನು ತಾರಸಿಯಲ್ಲಿ ಜೋಡಿಸಿದ್ದ ಕುರ್ಚಿಗಳನ್ನು ಹೊತ್ತು ಇಳಿಯುತ್ತ, ಒಂದೊಂದು ಮಹಡಿಯಲ್ಲೂ ನಿಂತು ಟೀಚರ ವಂಶವನ್ನು ನೆನೆದ.

ಸಂಜೆಯಾಯಿತು. ಆಕಾಶ ತೊಳೆದಿಟ್ಟ ಗಾಜಿನಂತಿತ್ತು. ರೇನ್‌ಕೋಟು ಹಾಕಿಕೊಂಡು ಬಂದ ನೆಂಟರೆಲ್ಲ ಪಾರ್ಕಿಂಗಿನ ಸೆಕೆಯಲ್ಲಿ ಒಳಗಿಂದಲೇ ತೊಯ್ದರು.

“ಟೀಚರ್, ಕೊಡೆ ಬಿಚ್ಲಾ, ಇನ್ನೂ ಸ್ವಲ್ಪ ಕಾಯ್ಲಾ?” ಎಂದು ಯಾರೋ ಕೂಗಿದರು. ನಗೆ ಎದ್ದಿತು. ಅಜ್ಜಿ ಮುಖ ಊದಿಸಿದರು. “ಎಂಬತ್ತು ವರ್ಷಕ್ಕೊಂದು ದಿನ ತಂಗಾಳಿಗೆ ಕೂರ್ತೀನಿ ಅಂದ್ರೆ, ಪೆಟ್ರೋಲ್ ವಾಸನೇಲಿ ಕೂರಿಸಿದ್ಯಲ್ಲೇ ತಾಯಿ!”

ಕಾರ್ಯದರ್ಶಿ ಬೆವರು ಒರೆಸಿಕೊಂಡ. “ಮೇಡಂ, ಆ ಯಂತ್ರಾನೇ ತಂದು ಎಲ್ರಿಗೂ ತೋರಿಸಿಬಿಡಿ. ನನ್ನ ಮಾನ ಉಳಿಸಿ.”

ಟೀಚರ್ ಮೇಲೆ ಹೋಗಿ ಬ್ಯಾರೋಮೀಟರನ್ನು ಎದೆಗವಚಿಕೊಂಡು ಲಿಫ್ಟ್ ಹತ್ತಿದರು. ಮುಳ್ಳು ಮಳೆಯ ಹೊಸ್ತಿಲಲ್ಲೇ ಇತ್ತು. ಸದ್ಯ! ಲಿಫ್ಟ್ ಇಳಿಯತೊಡಗಿತು. ಮೇಲಿನ ಮಹಡಿಗಳು ದಾಟುತ್ತಿದ್ದಂತೆ ಮುಳ್ಳು ಕದಲಿತು. ಐದನೆಯದರಲ್ಲಿ ಇನ್ನಷ್ಟು ಸರಿಯಿತು. ಟೀಚರ್ ಗಾಜನ್ನು ಬೆರಳಿನಿಂದ ತಟ್ಟಿದರು, ಬೇಡಿಕೊಂಡರು, ಬೈದೂ ನೋಡಿದರು. ನೆಲಮಾಳಿಗೆಯಲ್ಲಿ ಬಾಗಿಲು ತೆರೆದಾಗ ಮುಳ್ಳು ಒಣಹವೆಯ ಮೇಲೆ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಕೂತಿತ್ತು.

ಮೇಲೆ ಹೋದ ಹಾಗೆಲ್ಲ ಕಡಿಮೆ.

ಕುಸಿತ ಉಂಟಾದದ್ದು ಕಡಲಲ್ಲಲ್ಲ, ಲಿಫ್ಟಿನಲ್ಲಿ. ನಿನ್ನೆ ಸಂಜೆ, ಮನೆ ಸಾಮಾನಿನ ಜೊತೆ. ಗಾಳಿ ಎಲ್ಲಿತ್ತೋ ಅಲ್ಲೇ ಇತ್ತು, ಮೇಲೇರಿದ್ದು ಟೀಚರ್.

ಟೀಚರ ಕಿವಿ ಕೆಂಪಾಯಿತು. ಆದರೆ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಲಿಸಿದ ನಾಲಿಗೆ ಅದು. ಬ್ಯಾರೋಮೀಟರನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೇರ ಮೈಕಿನ ಮುಂದೆ ಹೋಗಿ ನಿಂತರು.

“ಎಲ್ರೂ ನನ್ನನ್ನ ಕ್ಷಮಿಸ್ಬೇಕು. ಇವತ್ತು ನಾನು…”

ಧಡಾರ್!

ಇಡೀ ಕಟ್ಟಡ ನಡುಗಿತು. ಸ್ವಲ್ಪ ಹೊತ್ತಿಗೆ ಕಾವಲುಗಾರ ತಲೆಯಿಂದ ಕಾಲಿನವರೆಗೆ ತೊಟ್ಟಿಕ್ಕುತ್ತ ಓಡಿಬಂದ. ಅವನ ಹಿಂದೆಯೇ ಮೆಟ್ಟಿಲಿಳಿದು ನೀರೂ ಬಂತು. “ಟ್ಯಾಂಕ್ ಸಾರ್! ತಾರಸಿ ಟ್ಯಾಂಕಿನ ಗೋಡೆ ಒಡೆದು ಬಿತ್ತು! ಬೆಳಗ್ಗೆ ಅಜ್ಜಿಗೆ ಅಂತ ಕುರ್ಚಿ ಹಾಕಿದ್ರಲ್ಲ, ಸರಿಯಾಗಿ ಆ ಜಾಗಕ್ಕೇ!”

ಅಜ್ಜಿ ಕೋಲು ಬಿಸಾಕಿ ಟೀಚರನ್ನು ತಬ್ಬಿಕೊಂಡರು. “ಮೇಲಿಂದ ನೀರು ಬೀಳುತ್ತೆ ಅಂದ್ಲು, ಬಿತ್ತು. ಇನ್ನೇನು ಬೇಕ್ರೋ ನಿಮಗೆ?”

“ಅಜ್ಜಿ, ಅದು ಹಾಗಲ್ಲ…” ಎಂದರು ಟೀಚರ್. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಕಾರ್ಯದರ್ಶಿಯ ಜೊತೆ ಮೇಲೆ ಬಂದು ನೋಡಿದರೆ, ಒಂಬತ್ತನೇ ಮಹಡಿಯ ಹೊಸ ಮನೆ ಕೆರೆಯಾಗಿತ್ತು. ಹಾಸಿಗೆ ದೋಣಿಯಂತೆ ತಿರುಗುತ್ತಿತ್ತು. ಯಜಮಾನರು ಊಟದ ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

“ಇದು ರಾತ್ರಿಯಿಂದಾನೇ ಸೋರ್ತಿದ್ದಿರ್ಬೇಕು ಮೇಡಂ,” ಎಂದು ಕಾರ್ಯದರ್ಶಿ ಹಲ್ಲು ಕಡಿದ. “ಬೆಳಗ್ಗೆ ಯಾರಾದ್ರೂ ಒಂದು ಮಾತು ಹೇಳಿದ್ರೆ ಟ್ಯಾಂಕ್ ಖಾಲಿ ಮಾಡಿಸಿಬಿಡ್ತಿದ್ದೆ. ಗೊತ್ತಿದ್ದೂ ಸುಮ್ನಿದ್ದವರು ಯಾರು ಅಂತ ತಿಳೀಲಿ, ಸುಮ್ನೆ ಬಿಡಲ್ಲ. ನಿಮಗೇನಾದ್ರೂ ಸದ್ದು ಕೇಳಿಸಿತ್ತಾ?”

ಯಜಮಾನರು ಬಾಯಿ ತೆರೆದರು. ಟೀಚರ್ ಕಣ್ಣಲ್ಲೇ ಮುಚ್ಚಿಸಿದರು.

“ನನಗೆ… ರಾತ್ರಿ ಒಳ್ಳೇ ನಿದ್ದೆ ಬಂದಿತ್ತಪ್ಪ.”

“ಹೋಗ್ಲಿ ಬಿಡಿ. ನಾಳೆಯಿಂದ ದಿನಾ ನೀವೇ ನೋಟಿಸ್ ಬೋರ್ಡಿನಲ್ಲಿ ಹವಾಮಾನ ಬರೀಬೇಕು. ಕೊಡಿ ಇಲ್ಲಿ,” ಎನ್ನುತ್ತ ಅವನು ಬ್ಯಾರೋಮೀಟರನ್ನು ಭಕ್ತಿಯಿಂದ ಇಸಿದುಕೊಂಡು ಗೋಡೆಗೆ ತೂಗುಹಾಕಿದ. ಮುಖ ಹತ್ತಿರ ತಂದು ನೋಡಿದ. ಬೆಚ್ಚಿದ. “ಅಯ್ಯೋ ಮೇಡಂ! ಮತ್ತೆ ಮಳೆ ತೋರಿಸ್ತಾ ಇದೆ!”

ಟೀಚರ್ ಏನಾದರೂ ಅನ್ನುವ ಮೊದಲೇ ಅವನು ಮೆಟ್ಟಿಲಿಗೆ ಓಡಿ ಕೂಗತೊಡಗಿದ. “ಯಾರೂ ಕಾರು ಒಳಗೆ ತರಬೇಡಿ! ಹೂಕುಂಡ ಬಿಚ್ಚಬೇಡಿ! ನಾಳೆ ಇನ್ನೊಂದು ಕುಸಿತ!”

ಯಜಮಾನರು ಮೇಜಿನ ಮೇಲಿಂದಲೇ ಕೇಳಿದರು. “ಕರೆದು ನಿಜ ಹೇಳಿಬಿಡ್ಲೇನೇ?”

ಟೀಚರ್ ಸೀರೆ ಎತ್ತಿ ಹಿಡಿದು ನೀರಿನಲ್ಲಿ ನಿಂತೇ ಯೋಚಿಸಿದರು. ಮುಳ್ಳಿನ ಮಾತೆತ್ತಿದರೆ ಲಿಫ್ಟಿನ ಮಾತು ಬರುತ್ತದೆ, ಲಿಫ್ಟಿನ ಹಿಂದೆ ಚಾವಣಿಯ ಕಲೆ, ಕಲೆಯ ಹಿಂದೆ ಟಪ್. ಒಂದು ಎಳೆ ಎಳೆದರೆ ಇಡೀ ಸೀರೆಯೇ ಬಿಚ್ಚಿಹೋಗುತ್ತದೆ. ಕಿಟಕಿಯಾಚೆ ನಕ್ಷತ್ರಗಳು ಒಂದೊಂದಾಗಿ ಹೊರಬರುತ್ತಿದ್ದವು. ಎಲ್ಲಿ ಹುಡುಕಿದರೂ ತುಂಡು ಮೋಡವಿಲ್ಲ.

“ಯಾರಿಗೂ ಹೇಳೋದು ಬೇಡ ರೀ,” ಎಂದು ಟೀಚರ್ ತೀರ್ಮಾನಿಸಿ, ತೇಲಿ ಬಂದ ಕೊಡೆಯನ್ನು ಎತ್ತಿ ಒಣಗಲು ಹಾಕಿದರು.