ಉಬ್ಬಸದ ಮೋಟಾರ್‌ಸೈಕಲ್ಲೂ ನಮ್ಮ ಭಾವನವರ ಊದುಬತ್ತಿಯೂ

ಕೇಳದೆಯೇ ಉಸಿರನ್ನಿತ್ತು ಇಷ್ಟು ಕಾಲ ಸಲಹಿದ ವಾಯುದೇವನಿಗೆ ಮೊದಲ ನಮಸ್ಕಾರ. ಕಾದದ್ದನ್ನು ತಣಿಸುವ ಜಲದೇವತೆಗೆ ಎರಡನೆಯದು. ಲೋಕದ ಅಡುಗೆಯನ್ನೂ ಲೋಕದ ವಾಹನಗಳನ್ನೂ ಸಮನಾಗಿ ನಡೆಸುತ್ತಿರುವ ಅಗ್ನಿಗೆ ಮೂರನೆಯದು. ಈ ಮೂವರನ್ನೂ ಒಂದು ಮೋಟಾರ್‌ಸೈಕಲ್ಲಿನ ಹೊಟ್ಟೆಯೊಳಗೆ ಜಗಳವಿಲ್ಲದಂತೆ ಕೂರಿಸಿದ ನಮ್ಮ ಭಾವನವರಿಗೆ ನಾಲ್ಕನೆಯ ನಮಸ್ಕಾರ ಸಲ್ಲಬೇಕಿತ್ತು. ಆದರೆ ಅವರು ನನ್ನ ತಂಗಿಯ ಗಂಡ, ವಯಸ್ಸಿನಲ್ಲಿ ನನಗಿಂತ ಕಿರಿಯರು. ಆದುದರಿಂದ ಅವರಿಗೆ ನಮಸ್ಕಾರದ ಬದಲು ಈ ಪ್ರಬಂಧ.

ನಮ್ಮ ಭಾವನವರಷ್ಟು ಊದುಬತ್ತಿ ಹಚ್ಚಿದ ಮನುಷ್ಯ ಈ ಚಿನ್ನದ ಗಣಿಯ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಅವುಗಳಲ್ಲಿ ಒಂದನ್ನಾದರೂ ಅವರು ದೇವರ ಮುಂದೆ ಬೆಳಗಿದ್ದನ್ನು ಕಂಡವರೂ ಇಲ್ಲ!

ಇತರರು ಲೇಖನಿ ಇಡುವ ಜೇಬಿನಲ್ಲಿ ಅವರು ಊದುಬತ್ತಿ ಇಡುತ್ತಾರೆ. ಯಾರ ಮನೆಗೆ ಹೋದರೂ ಕುಶಲಪ್ರಶ್ನೆಗೆ ಮೊದಲೇ ಒಂದನ್ನು ಹಚ್ಚಿ, ಬಾಗಿಲ ಬಳಿ, ಕಿಟಕಿಯ ಬಳಿ, ಮಂಚದ ಅಡಿಯಲ್ಲಿ ಹಿಡಿದು, ಹೊಗೆ ಎತ್ತ ವಾಲುತ್ತದೆಂದು ನೋಡುತ್ತಾರೆ. ತಿಳಿಯದವರು ಎಂಥ ದೈವಭಕ್ತರೆಂದು ಕೈಮುಗಿಯುತ್ತಾರೆ. ತಿಳಿದವರು ಉಳಿ ಸುತ್ತಿಗೆಗಳನ್ನು ಬಚ್ಚಿಡುತ್ತಾರೆ. ಏಕೆಂದರೆ ಹೊಗೆ ಎಲ್ಲಿ ಚಲಿಸದೆ ನಿಂತಿತೋ ಅಲ್ಲಿಯ ಗೋಡೆಗೆ ತೂತು ಬಿತ್ತೆಂದೇ ಅರ್ಥ.

ಇದು ಹುಟ್ಟಿನಿಂದ ಬಂದ ಗುಣವಲ್ಲ, ಉದ್ಯೋಗದಿಂದ ಬಂದದ್ದು. ಪ್ರಾಯದಲ್ಲಿ ಅವರು ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಗಾಳಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಪಾತಾಳದ ಬಂಡೆಗಳು ಬಾಣಲೆಯಂತೆ ಕಾದಿರುತ್ತಿದ್ದ ಕಡೆಗೆ, ಒಂದು ಗಣಿಬಾವಿಯಿಂದ ತಂಗಾಳಿಯನ್ನು ಇಳಿಸಿ ಇನ್ನೊಂದರಿಂದ ಬಿಸಿಗಾಳಿಯನ್ನು ಏರಿಸುವ ಕೆಲಸ. ಮುಂದೆ ಗಣಿ ಮುಚ್ಚಿತು. ನಮ್ಮ ಭಾವನವರು ಮುಚ್ಚಲಿಲ್ಲ. ಭೂಮಿಯ ಒಳಗೆ ಮಾಡುತ್ತಿದ್ದುದನ್ನು ಬಂಧುಗಳ ಮನೆಗಳಲ್ಲಿ ಮುಂದುವರಿಸಿದರು.

ಬಂಗಾರಪೇಟೆಯ ನನ್ನ ಮನೆಯ ಗೃಹಪ್ರವೇಶದ ದಿನ ಅವರು ಊದುಬತ್ತಿ ಹಿಡಿದು ದೇವರ ಕೋಣೆಯನ್ನು ಪ್ರವೇಶಿಸಿದಾಗ ನಾನು ಪುಳಕಿತನಾದೆ. ಮರುವಾರ ಆ ಕೋಣೆಯ ಗೋಡೆಯಲ್ಲಿ ತೆಂಗಿನಕಾಯಿ ತೂರುವಷ್ಟು ಕಿಂಡಿ ಇತ್ತು. ಅಂದಿನಿಂದ ನನ್ನ ನಂದಾದೀಪ ನಿಂತು ಉರಿದದ್ದಿಲ್ಲ. ದೂರು ಹೇಳಿದೆ.

"ದೀಪ ಆರೋಯ್ತು ಅಂದ್ರೆ ಗಾಳಿ ಬತ್ತೈತೆ ಅಂತ ತಾನೆ ಬಾವ? ಸಂತೋಸ ಪಡಬೇಕಪ್ಪ" ಎಂದರು.

ಕ್ಯಾಸಂಬಳ್ಳಿಯಲ್ಲಿ ನಮ್ಮ ಬಂಧುಗಳ ಮದುವೆ. ಹೋಮದ ಹೊಗೆ ಹೆಣ್ಣಿನ ಕಡೆಯವರ ಕಣ್ಣಿಗೆ ನುಗ್ಗುತ್ತಿತ್ತು. ಭಾವನವರು ಎದ್ದು, ಎರಡು ಪಂಚೆಗಳನ್ನು ಅಡ್ಡ ಕಟ್ಟಿಸಿ, ಹೊಗೆಯನ್ನೆಲ್ಲ ಗಂಡಿನ ಕಡೆಯವರ ಸಾಲಿಗೆ ತಿರುಗಿಸಿಬಿಟ್ಟರು. ವರನ ತಂದೆ ಕೆಮ್ಮುತ್ತ ಕಾರಣ ಕೇಳಿದರು. "ಇಷ್ಟೊತ್ತು ಎಣ್ಣಿನೋರೇ ಅತ್ತವ್ರೆ ಸ್ವಾಮಿ. ಇನ್ನರ್ಧ ನೀವು ಅಳಿ" ಎಂಬ ಉತ್ತರ ದೊರೆಯಿತು.

ಇನ್ನು ನಂದಿದುರ್ಗ ಗಣಿಯವರ ಸಾಲುಮನೆಗಳ ಲೈನಿನಲ್ಲಿರುವ ಅವರ ಸ್ವಂತ ಮನೆಯನ್ನು ಹೇಗೆ ವರ್ಣಿಸಲಿ? ಗಣಿಯ ಕಾಲದ ಗಟ್ಟಿ ಗೋಡೆಗಳು. ಆ ಗೋಡೆಗಳ ತುಂಬ ಕಿಂಡಿಗಳು. ತಗಡಿನ ಮಾಡಿನಿಂದ ಆಕಾಶಕ್ಕೆ ಏರಿದ ಒಂದು ಕೊಳವೆ. ಆ ಕೊಳವೆಯ ತುದಿಯಲ್ಲಿ ಒಂದು ಪಾರಿವಾಳದ ಸಂಸಾರ. ಮಾರ್ಗಶಿರದ ಚಳಿಯಲ್ಲಿ ಅಲ್ಲಿ ತಂಗಿದ ಅತಿಥಿ ಎರಡನೆಯ ದಿನ ಉಳಿಯುವುದಿಲ್ಲ. "ಕೊಳಲಿಗೂ ಇಷ್ಟು ರಂಧ್ರಗಳಿರುವುದಿಲ್ಲವಲ್ಲಮ್ಮ" ಎಂದು ನಾನು ತಂಗಿಯ ಬಳಿ ಎಷ್ಟೋ ಸಲ ನೊಂದುಕೊಂಡಿದ್ದೇನೆ. ಅವಳು ನಕ್ಕುಬಿಡುತ್ತಾಳೆ.

ಇವರಿಗೆ ಒಬ್ಬಳೇ ಮಗಳು. ವಾರವೆಲ್ಲ ಬಂಗಾರಪೇಟೆಯಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಾಳೆ. ಬಿಡುವಾದಾಗ ಗಡಿಯಾಚೆ ತಮಿಳುನಾಡಿನ ಪಂದ್ಯದ ಹಾದಿಯಲ್ಲಿ ಮೋಟಾರ್‌ಸೈಕಲ್ ಓಡಿಸುತ್ತಾಳೆ. ಅವಳದು ಯಾರೋ ಓಡಿಸಿ ಬಿಟ್ಟ ಹಳೆಯ ರೇಸಿನ ಗಾಡಿ. ತಿರುವುಗಳಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಉದ್ದನೆಯ ನೇರ ಹಾದಿ ಬಂತೆಂದರೆ ಗಾಡಿ ಏದುಸಿರು ಬಿಡುತ್ತಿತ್ತು, ಹಿಂದಿನವರು ಮುಂದಾಗುತ್ತಿದ್ದರು. ಹೀಗೆ ಎರಡನೆಯ ಸ್ಥಾನ, ಮೂರನೆಯ ಸ್ಥಾನ. ಈ ಸಲದ್ದು ಆ ವರ್ಷದ ಹುಡುಗಿಯರ ಪಂದ್ಯಗಳಲ್ಲಿ ಕಡೆಯದು. ಗೆದ್ದವಳನ್ನು ಮುಂದಿನ ವರ್ಷಕ್ಕೆ ತಮ್ಮ ಸವಾರಳಾಗಿ ಸೇರಿಸಿಕೊಳ್ಳುವೆವೆಂದು ಒಂದು ತಂಡದವರು ತಿಳಿಸಿದ್ದರು. ಗೆಲ್ಲದಿದ್ದರೆ ಸ್ಕೂಟರ್ ಕಲಿಸುವುದೇ ಶಾಶ್ವತವೆಂದು ಹುಡುಗಿ ತಾನೇ ತೀರ್ಮಾನಿಸಿಕೊಂಡಿದ್ದಳು.

ಒಂದು ಸಂಜೆ ಅವಳು ಅಂಗಳದಲ್ಲಿ ಗಾಡಿಯನ್ನು ನಿಲ್ಲಿಸಿ ಎಂಜಿನ್ನನ್ನು ಮೊರೆಯಿಸುತ್ತಿದ್ದಳು. ನನ್ನ ತಂಗಿಗೆ ಚಿಕ್ಕಂದಿನಿಂದ ಉಬ್ಬಸ. ಹೊಸ್ತಿಲ ಮೇಲೆ ಕುಳಿತು ಕೇಳುತ್ತಿದ್ದವಳು ಇದ್ದಕ್ಕಿದ್ದಂತೆ ಅಂದಳು:

"ಏ ಉಡುಗಿ, ಅದಕ್ಕೂ ನನ್ನಂಗೇ ಉಬ್ಬಸ ಕಣೇ. ಒಳಕ್ಕೆ ಎಳ್ಕೊಳಕ್ಕೆ ಒದ್ದಾಡ್ತೈತೆ, ಕೇಳ್ಸಲ್ವಾ?"

ಭಾವನವರು ಹಿಡಿದಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಜೇಬಿಗೆ ಕೈಹಾಕಿದರು. ಊದುಬತ್ತಿ ಹೊರಬಂತು.

ರೋಗ ಬೇಗನೆ ತಿಳಿಯಿತು. ಎಂಜಿನ್ನು ತನ್ನ ಉಸಿರನ್ನು ಸೀಟಿನ ಕೆಳಗಿನ ಇಕ್ಕಟ್ಟಿನಿಂದ ಎಳೆದುಕೊಳ್ಳುತ್ತಿತ್ತು. ಅಲ್ಲಿಗೆ ಬರುವುದು ರೇಡಿಯೇಟರನ್ನು ಹಾದು ಬಿಸಿಯಾದ ಗಾಳಿ. ತಂಗಾಳಿ ಇರುವುದು ಗಾಡಿಯ ಮುಂಭಾಗದಲ್ಲಿ. ಅಲ್ಲಿಂದ ಒಂದು ಕೊಳವೆ ತರೋಣವೆಂದರೆ ನಟ್ಟನಡುವೆ ರೇಡಿಯೇಟರೇ ನಿಂತಿದೆ. ಎಂಜಿನ್ನಿನಲ್ಲಿ ಕಾದ ನೀರನ್ನು ಗಾಳಿಗೊಡ್ಡಿ ತಣಿಸುವ ಜಾಲರಿ ಅದು. ನನಗೆ ಯಂತ್ರಗಳು ತಿಳಿಯವು. ಕೇಳಿದ ಮೇಲೆ ನನಗನ್ನಿಸಿದ್ದು ಇಷ್ಟು: ಇದು ವಾಯುವಿಗೂ ವರುಣನಿಗೂ ಅಗ್ರಾಸನಕ್ಕಾಗಿ ಬಂದಿರುವ ವ್ಯಾಜ್ಯ. ಹಾಗೆಂದೇ ಹೇಳಿದೆ.

"ಸರಿಯಾಗಿ ಏಳಿದ್ರಿ ಬಾವ" ಎಂದರು ಭಾವನವರು. "ಇಬ್ರನ್ನೂ ಒಂದೇ ಪಂಕ್ತೀಲಿ ಕೂರ್ಸಾನ. ನೀರಿನೋರು ಒಸಿ ಒತ್ತರಿಸ್ಕೊಳ್ಳಲಿ."

ಒತ್ತರಿಸುವುದೆಂದರೆ ಕೊಯ್ಯುವುದು ಎಂಬುದು ಬಂಗಾರಪೇಟೆಯ ರೇಡಿಯೇಟರ್ ಅಂಗಡಿಯಲ್ಲಿ ತಿಳಿಯಿತು. ಅಲ್ಲಿಯ ಮೇಸ್ತ್ರಿ ಟ್ರ್ಯಾಕ್ಟರ್, ಲಾರಿಗಳ ರೇಡಿಯೇಟರುಗಳಿಗೆ ಬೆಸುಗೆ ಹಾಕುವವನು. ಭಾವನವರು ಮೇಲಂಚಿನ ನಡುವೆ ಅಂಗೈ ಅಗಲದಷ್ಟು ಗೆರೆ ಎಳೆದು ತೋರಿಸಿದರು. ಅವನು ಗೆರೆಯನ್ನೂ ನೋಡಿದ, ಇವರನ್ನೂ ನೋಡಿದ.

"ಸಾರ್, ಓಟೆ ಬಿದ್ದಿರೋದನ್ನ ತತ್ತಾರೆ, ಮುಚ್ಚಿಕೊಡ್ತೀನಿ. ಚೆನ್ನಾಗಿರೋದನ್ನ ತಂದು ಓಟೆ ಮಾಡು ಅಂದೋರು ನೀವೊಬ್ರೇ."

"ಮೇಲೆ ಕುಯ್ದಿದ್ದನ್ನ ಕೆಳಗೆ ಸೇರ್ಸಪ್ಪ. ಟೈಲರ್ ಮಾಡಲ್ವಾ?"

"ಟೈಲರ್ ಒಲಿಯೋ ರವಿಕೇಲಿ ನೀರು ನಿಲ್ಲಬೇಕಾಗಿಲ್ಲ ಸಾರ್."

ಹೀಗೆ ಗೊಣಗುತ್ತಲೇ ಅವನು ಕೊಯ್ದ. ತೆರೆದ ನಾಳಗಳ ಬಾಯಿಗಳನ್ನು ಮುಚ್ಚಿದ, ಕೆಳಗೆ ಒಂದು ತುಂಡು ಕೂಡಿಸಿದ, ನೀರು ತುಂಬಿಸಿ ತಲೆಕೆಳಗು ಮಾಡಿ ನೋಡಿದ. ಒಂದು ಹನಿಯೂ ಸೋರಲಿಲ್ಲ. ಆ ಕೊಯ್ದ ಜಾಗದಲ್ಲಿ ಭಾವನವರ ಗಾಳಿಯ ಕೊಳವೆ, ಹೇಳಿ ಮಾಡಿಸಿದಂತೆ ಕುಳಿತಿತು. ಅದು ಹೇಳಿ ಮಾಡಿಸಿದ್ದೇ ತಾನೆ?

ಕ್ಯಾಸಂಬಳ್ಳಿಯ ಕಡೆಯ ಬಯಲು ಹಾದಿಯಲ್ಲಿ ಪರೀಕ್ಷೆ ನಡೆಯಿತು. ಗಾಡಿ ಹಿಂದೆಂದೂ ಕೂಗದ ಸ್ವರದಲ್ಲಿ ಕೂಗಿ, ಹಿಂದೆಂದೂ ಹೋಗದ ವೇಗದಲ್ಲಿ ಹೋಗಿ, ನೋಡನೋಡುತ್ತಿದ್ದಂತೆ ನಿಂತಿತು. ರೇಡಿಯೇಟರಿನ ಬಾಯಿಂದ ಸಂಕ್ರಾಂತಿಯ ಪೊಂಗಲಿನಂತೆ ನೀರು ಉಕ್ಕಿ ಹಬೆಯೆದ್ದಿತು. ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬಂದವನೊಬ್ಬ ಪಕ್ಕದಲ್ಲಿ ನಿಲ್ಲಿಸಿ ವಿನಯದಿಂದ ಕೇಳಿದ:

"ಅಕ್ಕಾ, ಇಡ್ಲಿ ಬೆಂದವಾ?"

ಹುಡುಗಿ ಗಾಡಿಯನ್ನು ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ, ಹೆಲ್ಮೆಟ್ಟನ್ನು ತೆಗೆದು ತಂದೆಯ ಕೈಗಿತ್ತಳು. "ಉಸಿರು ಬಂತಪ್ಪಾ. ಜೊತೆಗೆ ಜ್ವರಾನೂ ಬಂತು. ಪಂದ್ಯಕ್ಕೆ ಇನ್ನು ಉಳಿದಿರೋದು ಈ ವಾರ ಒಂದೇ" ಎಂದು ಹೇಳಿ ಒಳಗೆ ಹೋದಳು. ಹಳೆಯ ರೇಡಿಯೇಟರು ಹಾಗೆಯೇ ಇದ್ದಿದ್ದರೆ ಎರಡನೆಯ ಸ್ಥಾನವಾದರೂ ಬರುತ್ತಿತ್ತು. ಈಗ ಅದೂ ಇಲ್ಲ. ಭಾವನವರು ಆ ಹೆಲ್ಮೆಟ್ಟನ್ನು ಮೊಳೆಗೆ ತೂಗುಹಾಕಿ, ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

ಮರುದಿನ ಬೆಳಗ್ಗೆ ನಾನು ಹೋದಾಗ ಅಂಗಳದ ದೃಶ್ಯವನ್ನು ಕಂಡು ನನ್ನ ಕಣ್ಣುಗಳು ತುಂಬಿದವು. ಗಾಡಿಯ ಮುಂದೆ ಮಣೆ. ಮಣೆಯ ಮೇಲೆ ಮರಳಿನಲ್ಲಿ ಸಾಲಾಗಿ ನೆಟ್ಟ ಊದುಬತ್ತಿಗಳು. ಅವುಗಳ ಹಿಂದೆ ಮೆಲ್ಲನೆ ತಿರುಗುತ್ತಿದ್ದ ಒಂದು ಟೇಬಲ್ ಫ್ಯಾನು. ಎದುರಿಗೆ ಮಂಡಿಯೂರಿದ ಭಾವನವರು. ಕಷ್ಟ ಬಂದಾಗಲಾದರೂ ಮನುಷ್ಯ ದೇವರೆಡೆಗೆ ತಿರುಗಿದನಲ್ಲ ಎಂದು ನಾನು ಕೈಮುಗಿದು ವಾಯುಸ್ತುತಿಯನ್ನು ಆರಂಭಿಸಿದೆ.

"ಬಾವ, ಒಸಿ ಬಾಯಿ ಮುಚ್ಚಿ. ನಿಮ್ಮ ಉಸಿರಿಗೆ ಒಗೆ ಅಲ್ಲಾಡ್ತೈತೆ" ಎಂದರು.

ಅಷ್ಟರಲ್ಲಿ ನನ್ನ ಸ್ವರ ಕೇಳಿ ಲೈನಿನ ಹೆಂಗಸರು ಹೊರಬಂದಿದ್ದರು. ಗಣಿಯಲ್ಲಿ ದುಡಿದ ತಮಿಳು ಸಂಸಾರಕ್ಕೆ ಸೇರಿದ ಪಕ್ಕದ ಮನೆಯ ಮುದುಕಮ್ಮನಂತೂ ತಟ್ಟೆ, ಅರಿಸಿನ, ಕುಂಕುಮ, ತೆಂಗಿನಕಾಯಿ ಸಮೇತ ಬಂದೇಬಿಟ್ಟರು.

"ಎನ್ನ ಸಾರ್, ಗಾಡಿಗೆ ಪೂಜೆ ಮಾಡೋವಾಗ ನಮ್ಗೆ ಒಂದು ಮಾತು ಸೊಲ್ಲಬಾರ್ದಾ? ನಮ್ಮ ಪಾಪಾ ಗೆಲ್ಲಬೇಡ್ವಾ?"

"ಅಮ್ಮಾ, ಇದು ಪೂಜೆ ಅಲ್ಲ..."

"ಸುಮ್ನಿರು ಸಾರ್. ಊದುಬತ್ತಿ ಐತೆ, ಅಯ್ಯರು ಮಂತ್ರ ಏಳ್ತವ್ರೆ, ಪೂಜೆ ಅಲ್ಲಾಂದ್ರೆ ಇನ್ನೇನು?"

ಕುಂಕುಮ ಇಡಲು ಆಕೆಗೆ ಜಾಗ ಬೇಕಾಯಿತು. ಗಾಡಿಯ ಪಕ್ಕದ ಹೊದಿಕೆ, ಬೋಲ್ಟುಗಳನ್ನು ಸಡಿಲಿಸಿದ್ದರಿಂದ, ಜೋತಾಡುತ್ತಿತ್ತು. ಆಕೆ ಅದನ್ನು ಪರದೆಯಂತೆ ಒಂದು ಕೈಯಲ್ಲಿ ಸರಿಸಿ, ಇನ್ನೊಂದು ಕೈಯಿಂದ ಎಂಜಿನ್ನಿಗೇ ನೇರವಾಗಿ ಕುಂಕುಮವಿಟ್ಟರು. ಅದುವರೆಗೆ ರೇಡಿಯೇಟರಿನ ಎದುರು ಸುರುಳಿ ಸುತ್ತಿ ಹಿಂದಿರುಗುತ್ತಿದ್ದ ಹೊಗೆ, ಅದೇ ಕ್ಷಣದಲ್ಲಿ ನೂಲಿನಂತೆ ನೇರವಾಗಿ ಜಾಲರಿಯೊಳಗೆ ನುಗ್ಗಿ, ಆಕೆ ಸರಿಸಿದ ಸಂದಿನಿಂದ ಹೊರಬಂದು, ಆಕೆಯ ಮುಖಕ್ಕೇ ಬಡಿಯಿತು.

"ಅಮ್ಮಾ, ಕೈ ತೆಗೀಬೇಡ" ಎಂದರು ಭಾವನವರು. "ಅಂಗೇ ಇಡ್ಕೊ. ಅಂಗೇ ಇರು ತಾಯಿ."

ಹೊಸ ಕೊಳವೆ ರೇಡಿಯೇಟರಿನ ಹಿಂದಿನ ಜಾಗವನ್ನೆಲ್ಲ ತುಂಬಿಬಿಟ್ಟಿತ್ತು. ಒಳಬಂದ ಗಾಳಿಗೆ ಹೊರಹೋಗಲು ಹಾದಿಯೇ ಇರಲಿಲ್ಲ. ಇಳಿಯಲು ಒಂದು ಬಾವಿಯಾದರೆ ಏರಲು ಇನ್ನೊಂದು ಬೇಕೆಂದು ಊರಿಗೆಲ್ಲ ಪಾಠ ಹೇಳಿದವರು ಎರಡನೆಯ ಬಾವಿಯನ್ನೇ ಮರೆತಿದ್ದರು! ಸಂಜೆಯೊಳಗೆ ಎರಡೂ ಪಕ್ಕದ ಹೊದಿಕೆಗಳಲ್ಲಿ ಮೀನಿನ ಕಿವಿರಿನಂಥ ಸೀಳುಗಳು ಮೂಡಿದವು. ಮಗಳು ಅದೇ ಬಯಲು ಹಾದಿಯಲ್ಲಿ ಹೋಗಿ, ಹಿಂದಿರುಗಿ, ಮತ್ತೆ ಹೋದಳು. ಇಡ್ಲಿ ಬೇಯಲಿಲ್ಲ.

ಪಂದ್ಯದ ದಿನ ತಂದೆ ಮಗಳು ಗಾಡಿಯನ್ನು ಟೆಂಪೋಗೆ ಏರಿಸಿಕೊಂಡು ಹೋದರು. ಹೊಗೆ ಧೂಳು ತಂಗಿಗೆ ಆಗದು. ಅವಳಿಗೆ ಜೊತೆಯಾಗಿ ನಾನು ನಂದಿದುರ್ಗದ ಮನೆಯಲ್ಲಿ ಉಳಿದೆ. ಮಧ್ಯಾಹ್ನ ಕಳೆದ ಮೇಲೆ ಫೋನು ಬಂತು.

"ಬಾವ, ನೀರು ತಣ್ಣಗೈತೆ" ಎಂದಿತು ಭಾವನವರ ಧ್ವನಿ.

"ಸಂತೋಷ. ಹುಡುಗಿ?"

"ಪಂದ್ಯ ಮುಗಿದ ಮೇಲೂ ಮುಟ್ಟಿ ನೋಡ್ದೆ. ಕೈ ಸುಡಲಿಲ್ಲ ಬಾವ."

"ಭಾವನವರೇ, ಹುಡುಗಿ ಏನಾದಳು?"

"ಯಾರು? ಓ, ಅವಳಾ? ಅವಳು ಗೆದ್ದಳು. ಕಡೇ ಸುತ್ತಲ್ಲಿ ಆ ನೇರ ಆದಿ ಬಂತು ನೋಡಿ, ಗಾಡಿ ಬಾಯಿ ತೆಗೀದೆ, ಮೂಗಲ್ಲೇ ಉಸಿರಾಡ್ಕೊಂಡು ಎಲ್ರನ್ನೂ ದಾಟ್ಕೊಂಡು ಓಯ್ತು. ಆ ತಂಡದೋರು ಅವಳ ಕೈ ಕುಲುಕ್ತವ್ರೆ. ಎಲ್ಲಿ, ನಿಮ್ಮ ತಂಗಿಗೆ ಕೊಡಿ. ನೀರಿನ ವಿಸಯ ಏಳ್ತೀನಿ."

ತಂಗಿ ಫೋನನ್ನು ಕಿವಿಗಿಟ್ಟು ನಕ್ಕಳು, ಅತ್ತಳು. ನಗು ಅಳು ಎರಡೂ ಸೇರಿ ಉಬ್ಬಸವೆದ್ದಿತು. ಹೋಗಿ ತನ್ನ ಮಂಚದ ಮೇಲೆ ಒರಗಿದಳು. ನಾನು ದೇವರಿಗೆ ಕೃತಜ್ಞತೆ ಸಲ್ಲಿಸೋಣವೆಂದು ಗೂಡಿನಲ್ಲಿದ್ದ ಊದುಬತ್ತಿಯನ್ನು ಹಚ್ಚಿ ಪಟದ ಮುಂದೆ ಹಿಡಿದೆ.

ಹೊಗೆ ದೇವರ ಕಡೆಗೆ ಹೋಗಲಿಲ್ಲ. ಎಡಕ್ಕೆ ವಾಲಿ, ಗೋಡೆಯನ್ನು ಬಳಸಿ, ತಂಗಿಯ ಮಂಚದತ್ತ ಹೊರಟಿತು. ಪೂರ್ವದ ಕಿಂಡಿಯ ಬಳಿ ಹಿಡಿದೆ, ಅಲ್ಲಿಂದಲೂ ಮಂಚದತ್ತ. ಅಡುಗೆಮನೆಯ ಕಿಂಡಿ, ಬಾಗಿಲ ಮೇಲಿನ ಕಿಂಡಿ, ನಾನು ಇಷ್ಟು ವರ್ಷ ಹಳಿದ ಒಂದೊಂದು ಕಿಂಡಿಯ ಗಾಳಿಯೂ ಅವಳ ದಿಂಬಿನ ಬಳಿಗೇ ಬಂದು, ತಲೆಯ ಮೇಲಿನಿಂದ ಆ ಪಾರಿವಾಳದ ಕೊಳವೆಗೆ ಏರುತ್ತಿತ್ತು. ಉಬ್ಬಸದವಳ ಬಳಿ ಹೊಗೆಯೇ ಎಂದು ಗಾಬರಿಯಾಗಿ ಆರಿಸಲು ಹೋದೆ.

"ಇರ್ಲಿ ಬಿಡಣ್ಣ, ಇಲ್ಲಿ ಒಗೆ ನಿಲ್ಲಲ್ಲ" ಎಂದಳು, ಕಣ್ಣು ಮುಚ್ಚಿಕೊಂಡೇ. ಅವಳ ಉಸಿರು ಹದಕ್ಕೆ ಬರುತ್ತಿತ್ತು. "ಮದುವೆ ಆದಾಗಿಂದ ಇಂಗೇ. ರಾತ್ರಿಯೆಲ್ಲ ನಾನು ಉಸಿರಾಡೋದನ್ನ ಕೇಳ್ಕೊಂಡು ಮಲಗಿರ್ತಾರೆ. ಒಂಚೂರು ಕಷ್ಟ ಆಯ್ತು ಅಂದ್ರೆ, ಬೆಳಗ್ಗೆ ಎದ್ದು ಇನ್ನೊಂದು ತೂತು ಕೊರೀತಾರೆ."

ಗೊಣಗುತ್ತಲೇ ಕೊಯ್ದು ಬೆಸೆದ ಮೇಸ್ತ್ರಿಗೂ, ಇಡ್ಲಿ ಕೇಳಿದ ಹಾಲಿನವನಿಗೂ, ಹೊದಿಕೆ ಸರಿಸಿ ಕುಂಕುಮವಿಟ್ಟ ಆ ತಾಯಿಗೂ, ಗೆದ್ದ ಹುಡುಗಿಗೂ, ಅವಳೊಡನೆ ಓಡಿಸಿ ಸೋತ ಹುಡುಗಿಯರಿಗೂ, ಕೊಳವೆಯ ತುದಿಯ ಪಾರಿವಾಳಗಳಿಗೂ ಒಳ್ಳೆಯದಾಗಲಿ. ಎಲ್ಲರ ಉಸಿರೂ ಸಲೀಸಾಗಿರಲಿ. ಪಕ್ಕದಲ್ಲಿ ಮಲಗಿ ಅದನ್ನು ಆಲಿಸುವ ಒಂದು ಜೀವ ಪ್ರತಿಯೊಬ್ಬರಿಗೂ ದೊರೆಯಲಿ.