ನನ್ನ ಮೇಲೆ ನಾನೇ ಬರೆದ ದೂರು

ಚಟಗಳಲ್ಲಿ ನಾನಾ ಬಗೆ. ನನ್ನದು ಅರ್ಜಿ ಬರೆಯುವ ಚಟ. ಶಿಕಾರಿಪುರದ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಮೂವತ್ತು ವರ್ಷದಿಂದ ಪಹಣಿ ತಿದ್ದುಪಡಿಗೆ, ಪಿಂಚಣಿಗೆ, ಪೊಲೀಸ್ ದೂರಿಗೆ ಜನರ ಪರವಾಗಿ ಬರೆದೂ ಬರೆದೂ, ‘ಸದರಿ’, ‘ಮೇಲ್ಕಂಡ’, ‘ಆದ್ದರಿಂದ ತಾವು ದಯಮಾಡಿ’ ಇಲ್ಲದೆ ನನಗೆ ಒಂದು ಸಾಲೂ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಸೊರಬದ ಮಾವನವರಿಗೆ ಬರೆದ ಕ್ಷೇಮಸಮಾಚಾರದ ಪತ್ರವನ್ನು ‘ಇಂತಿ ಅರ್ಜಿದಾರ’ ಎಂದು ಮುಗಿಸಿದ್ದೆ. ಅಳಿಯ ಏನು ಕೇಳುತ್ತಿದ್ದಾನೋ ಎಂದು ಗಾಬರಿಯಾಗಿ ಅವರು ಮರುದಿನ ಮೊದಲ ಬಸ್ಸಿಗೇ ಬಂದಿಳಿದರು. ಇದನ್ನೆಲ್ಲ ನಕ್ಕು ಮರೆಯಬಹುದು. ಆದರೆ ಇದೇ ಚಟ ನನ್ನನ್ನು ಒಂದು ಕ್ರಿಮಿನಲ್ ಕೇಸಿನ ಆರೋಪಿಯನ್ನಾಗಿ ಮಾಡಿತು, ಒಬ್ಬ ಹಳೆಯ ಗೆಳೆಯನನ್ನು ಹೆಚ್ಚುಕಡಿಮೆ ಕಿತ್ತುಕೊಂಡೇ ಬಿಟ್ಟಿತ್ತು.

ಆ ಗೆಳೆಯ ಪಕ್ಕದ ಮನೆಯ ಚಂದ್ರಣ್ಣ. ಅಂಜನಾಪುರದ ಕಡೆ ಹೊಲವಿದೆ, ಓದು ಬರಹ ಹತ್ತಲಿಲ್ಲ. ಅವನ ಮನೆಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳಬೇಕು, ಅವನು ಹೂಂ ಎಂದು ತಲೆಯಾಡಿಸಿ ಹೆಬ್ಬೆಟ್ಟು ಒತ್ತಬೇಕು. ಕಳೆದ ಸುಗ್ಗಿಯಲ್ಲಿ ಅವನು ಮೆಕ್ಕೆಜೋಳವನ್ನು ರಸ್ತೆಗೆ ಹರವಿದ. ನಮ್ಮ ಬೀದಿಯಲ್ಲಿ ಎಲ್ಲರೂ ಹರವುತ್ತಾರೆ, ಆದರೆ ಇವನ ಜೋಳ ಇವನ ಗೇಟು ದಾಟಿ ನನ್ನ ಗೇಟಿನವರೆಗೂ ಬಂದಿತ್ತು. ನಾನು ಮೊಪೆಡ್ಡಿನಲ್ಲಿ ಊಟಕ್ಕೆ ಬಂದವನು ಜೋಳದ ಮೇಲೆ ಜಾರಿ ಬಿದ್ದೆ. ಚಂದ್ರಣ್ಣ ಓಡಿ ಬಂದು ನನ್ನನ್ನು ನೋಡದೆ ಚರಂಡಿಗೆ ಹೋದ ಜೋಳ ನೋಡಿದ. ಸಿಟ್ಟು ನೆತ್ತಿಗೇರಿ ನಾನು ಬಾಯಿಗೆ ಬಂದದ್ದು ಬೈದು ಒಮ್ಮೆ ನೂಕಿದೆ. ಅವನು ತನ್ನ ಜೋಳದ ರಾಶಿಯ ಮೇಲೆಯೇ ಕುಕ್ಕರಿಸಿಬಿದ್ದ. ಇಡೀ ಪ್ರಕರಣ ಇಷ್ಟೇ.

ಸಂಜೆ ಅವನ ಹೆಂಡತಿ ಗಂಗಕ್ಕ ಒಂದು ಬಿಳಿಹಾಳೆ ಹಿಡಿದು ಬಂದಳು. ‘ಅಣ್ಣಾ, ನಮ್ಮೋರು ನಿಮ್ಮ ಮೇಲೆ ಕಂಪ್ಲೇಂಟ್ ಕೊಡ್ಬೇಕಂತೆ. ಒಸಿ ಬರೆದುಕೊಡ್ರೀ.’

‘ನನ್ನ ಮೇಲೆ ನಾನೇ ಬರೀಬೇಕಾ?’

‘ಮತ್ತಿನ್ಯಾರು ಬರೀತಾರ್ರೀ? ಅಲ್ಲಿದ್ದೋರು ನೀವಿಬ್ರೇ. ಅವ್ರಿಗೆ ಬರೆಯಾಕೆ ಬರಲ್ಲ.’

ನಾನು ಹಾಳೆ ಇಸಿದುಕೊಂಡೆ. ಕೊಡಲಿ ಬಿಡು, ಠಾಣೆಯಲ್ಲಿ ಇಬ್ಬರಿಗೂ ಗದರಿಸಿ ಕಳಿಸುತ್ತಾರೆ, ನನ್ನ ದೊಡ್ಡತನವಾದರೂ ಬೀದಿಗೆ ತಿಳಿಯಲಿ ಎಂಬ ಜಂಬ. ಪೆನ್ನು ಹಿಡಿದದ್ದಷ್ಟೇ ನೆನಪು. ಉಳಿದದ್ದನ್ನು ಕೈಯೇ ಬರೆಯಿತು: ‘ಸದರಿ ಆರೋಪಿಯು ನನ್ನನ್ನು ಅಡ್ಡಗಟ್ಟಿ, ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಯಿಂದ ಹಲ್ಲೆ ಮಾಡಿ, ನಿನ್ನನ್ನು ಕೊಲ್ಲದೆ ಬಿಡುವುದಿಲ್ಲವೆಂದು ಜೀವ ಬೆದರಿಕೆ ಹಾಕಿರುತ್ತಾರೆ.’ ನಾನು ಬರೆದ ಯಾವ ದೂರಿನಲ್ಲೂ ಈ ನಾಲ್ಕು ಮಾತು ತಪ್ಪಿದ್ದಿಲ್ಲ. ಬದನೆಗಿಡ ಮೇಯ್ದ ಮೇಕೆಯ ಮೇಲಿನ ದೂರಿನಲ್ಲೂ ಮೇಕೆಯ ಯಜಮಾನ ಜೀವ ಬೆದರಿಕೆ ಹಾಕಿದ್ದಾನೆ.

ಗಂಗಕ್ಕ ಅದನ್ನು ಓದಿಸಿಕೊಳ್ಳದೆಯೇ ಒಯ್ದಳು, ಮರುದಿನ ಠಾಣೆಯಿಂದ ಕರೆ ಬಂತು. ಅಲ್ಲಿ ದೂರು ದಾಖಲಿಸುವ ರೈಟರ್ ಹಾಳೆಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. ‘ಅಕ್ಷರ ನಿಮ್ದೇ, ಆರೋಪಿನೂ ನೀವೇ. ಬೈದಿದ್ದು ನೂಕಿದ್ದು ಅಷ್ಟೇ ಆಗಿದ್ರೆ ಕೇಸ್ ಮಾಡೋಕೆ ಕೋರ್ಟಿನ ಅನುಮತಿ ಕೇಳ್ಬೇಕಿತ್ತು ರೀ. ನೀವು ಅಡ್ಡಗಟ್ಟಿದ್ರಿ ಅಂತ ಬರೆದೀರಿ. ಎಫ್‌ಐಆರ್ ಮಾಡ್ಲೇಬೇಕು.’ ದಾರಿಗೆ ಅಡ್ಡವಾಗಿದ್ದದ್ದು ಅವನ ಜೋಳ, ಅಡ್ಡಗಟ್ಟಿದವನು ನಾನು. ನನಗೆ ಬಾಯಿಪಾಠವಾಗಿದ್ದ ಸೆಕ್ಷನ್ನುಗಳೆಲ್ಲ ಹೊಸ ಕಾನೂನಿನಲ್ಲಿ ಸಂಖ್ಯೆ ಬದಲಿಸಿಕೊಂಡಿದ್ದವು. ಹೊಸ ಪುಸ್ತಕ ಕೊಳ್ಳಬೇಕು ಎಂದುಕೊಳ್ಳುತ್ತಲೇ ಇದ್ದೆ. ನನ್ನ ಎಫ್‌ಐಆರ್ ಪ್ರತಿಯೇ ಪಾಠ ಹೇಳಿಕೊಟ್ಟಿತು.

ಕೇಸಿಗಿಂತ ಕಷ್ಟವಾದದ್ದು ಚಂದ್ರಣ್ಣ ಮಾತು ಬಿಟ್ಟದ್ದು. ನನ್ನನ್ನು ಕಂಡರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ನೂಕಿದ್ದಕ್ಕೆ ಇಷ್ಟು ಸಿಟ್ಟೇ ಎಂದು ನನಗೂ ಸಿಟ್ಟು. ತಿಂಗಳುಗಳು ಹಾಗೆಯೇ ಕಳೆದವು. ಲೋಕ ಅದಾಲತ್ತಿನ ನೋಟಿಸು ಎರಡೂ ಮನೆಗೆ ಬಂದಾಗ ಅವನು ಅದನ್ನು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದ. ನೋಡಲಾಗಲಿಲ್ಲ. ನಾನು ನನ್ನ ಪ್ರತಿಯನ್ನು ಹೆಂಡತಿಗೆ ಓದಿ ಹೇಳುವವನಂತೆ, ತಾರೀಖು ಹೊತ್ತು ಸಮೇತ, ಬೀದಿಗೆಲ್ಲ ಕೇಳುವ ಹಾಗೆ ಓದಿದೆ. ‘ನನ್ನ ಕಿವಿ ಸರಿಯಾಗೈತೆ, ಯಾಕೆ ಹಿಂಗೆ ಕೂಗ್ತೀರಿ’ ಎಂದಳು ಹೆಂಡತಿ. ಆಚೆ ಜಗಲಿಯಲ್ಲಿ ಚಂದ್ರಣ್ಣ ಹೂಂ ಎಂದು ತಲೆಯಾಡಿಸಿದ್ದು ನನಗೆ ಕಂಡಿತು.

ಅದಾಲತ್ತಿನ ಚಿಕ್ಕ ಕೋಣೆಯೊಂದರಲ್ಲಿ ನಮಗೆ ಸಂಧಾನಕಾರರಾಗಿ ಸಿಕ್ಕವರು ಸೊರಬದ ವಕೀಲೆ ಶಮೀಮ್ ಮೇಡಂ. ಇಂದಿಗೂ ದಿನಕ್ಕೊಮ್ಮೆಯಾದರೂ ಅವರನ್ನು ನೆನೆಯುತ್ತೇನೆ. ಏನಾಯ್ತು ಹೇಳಿ ಎಂದರು. ನಾನು ಎದ್ದು ನಿಂತು, ‘ಸದರಿ ದಿನದಂದು ಮಧ್ಯಾಹ್ನ ಸುಮಾರು’ ಎಂದು ಶುರುಮಾಡಿದೆ.

‘ಬರೆದಿದ್ದು ಬೇಡ ರೀ. ಆಗಿದ್ದು ಹೇಳಿ.’

ಮತ್ತೆ ‘ಮೇಲ್ಕಂಡ’ ಎಂದು ಶುರುಮಾಡಿ ಕುಳಿತುಬಿಟ್ಟೆ. ಆಗ ಚಂದ್ರಣ್ಣನೇ ಮಾತಾಡಿದ. ‘ನೂಕಿದ್ದಕ್ಕೆ ನನಗೆ ಬೇಜಾರಿಲ್ಲ ಮೇಡಂ. ಬಿದ್ದೋನು ಅವನು, ಮೊಣಕಾಲು ಕಿತ್ತೋಗಿತ್ತು. ನಾನು ಜೋಳ ನೋಡ್ದೆ, ತಪ್ಪು ನಂದೂ ಐತೆ. ಆದ್ರೆ ಕೊಲ್ತೀನಿ ಅಂದಿದ್ದು ನನಗೆ ಕೇಳಿಸ್ಲೇ ಇಲ್ಲ. ಸ್ಟೇಷನ್ನಾಗೆ ಓದಿ ಹೇಳಿದ್ಮೇಲೇ ಗೊತ್ತಾತು. ಅವತ್ತಿಂದ ಚಿಲಕ ಹಾಕಿದ್ರೂ ನಿದ್ದೆ ಹತ್ತಲ್ಲ.’

‘ಅವರು ಹಾಗೆ ಅನ್ನದೇ ಇರಬಹುದಲ್ಲ?’ ಎಂದರು ಮೇಡಂ.

‘ಬರೆದೋನೇ ಅವನಲ್ವೇನ್ರೀ. ಅವನು ಸುಳ್ಳು ಬರೆಯಲ್ಲ.’

ಯಾವ ನ್ಯಾಯಾಧೀಶರೂ ನನಗೆ ಅಷ್ಟು ದೊಡ್ಡ ಶಿಕ್ಷೆ ಕೊಡಲಾರರು. ನಾನು ಸುಮ್ಮನೆ ಸೇರಿಸಿದ ಒಂದು ಸಾಲನ್ನು ನಂಬಿ, ಈ ಮನುಷ್ಯ ಇಷ್ಟು ತಿಂಗಳು ನನಗೆ ಹೆದರಿ ಬದುಕಿದ್ದ. ಅದು ಎಲ್ಲರಿಗೂ ಬರೆಯುವ ಸಾಲು, ನಿನ್ನನ್ನು ಕೊಲ್ಲುವ ಯೋಚನೆ ಕನಸಿನಲ್ಲೂ ಬಂದಿಲ್ಲ, ತಪ್ಪಾಯಿತು ಮಾರಾಯ ಎಂದೆ. ಒಂದೂ ‘ಸದರಿ’ ಇಲ್ಲದೆ ಹೇಳಿದೆ. ಹೇಳುವಾಗ ಅತ್ತುಬಿಟ್ಟೆ ಎಂಬುದನ್ನೂ ಮುಚ್ಚಿಡುವುದಿಲ್ಲ. ವಿಚಾರಣೆಗೆ ಹೋಗಿದ್ದರೆ ನಾವಿಬ್ಬರೂ ವಕೀಲರ ಬಾಯಿಂದಲೇ ಮಾತಾಡಿ, ಆ ಚಿಲಕದ ಸುದ್ದಿ ತಿಳಿಯದೆಯೇ ಮುದುಕರಾಗಿಬಿಡುತ್ತಿದ್ದೆವು. ರಾಜಿಗೆ ದಾರಿಯಿಟ್ಟ ಕಾನೂನಿಗೂ ಆ ಚಿಕ್ಕ ಕೋಣೆಗೂ ನಾನು ಋಣಿ.

ರಾಜಿ ಪತ್ರವನ್ನು ನಾನು ಬರೆಯಲು ಮುಂದಾದೆ. ‘ನೀವು ಕೂತ್ಕೊಳ್ರಿ’ ಎಂದು ಮೇಡಂ ತಾವೇ ಮೂರು ಸಾಲು ಬರೆದರು. ಚಂದ್ರಣ್ಣ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡವನು ತಡೆದು, ‘ಅವನು ಓದಿ ಹೇಳ್ಲಿ’ ಎಂದು ಹಾಳೆಯನ್ನು ನನ್ನ ಕಡೆ ಸರಿಸಿದ. ನಾನು ಇದ್ದದ್ದನ್ನು ಇದ್ದಂತೆ ಓದಿದೆ. ಅವನು ತಲೆಯಾಡಿಸಲಿಲ್ಲ. ಹಾಳೆಯನ್ನು ತೆಗೆದು ಮೇಡಂ ಮುಂದೆ ಹಿಡಿದ.

‘ನೀವೂ ಒಂದ್ಸಲ ಓದಿಬಿಡ್ರಿ ಮೇಡಂ’ ಎಂದ.